ಸಮ್ಮೇಳನಕ್ಕೆ ಯಾರು ಹೋಗಬೇಕು?

ಕೇಳುಗರಿಗೆ ನಮಸ್ಕಾರ.

ನಗರಸಭೆಯ ಅಧ್ಯಕ್ಷರೂ ಅಧಿಕಾರಿಗಳೂ ಹಲವು ಊರುಗಳ ನಗರಾಡಳಿತಗಳು ಒಂದೆಡೆ ಸೇರುವ ವಾರ್ಷಿಕ ಪೌರಾಡಳಿತ ಸಮ್ಮೇಳನಕ್ಕೆ ಹೊರಟರೆಂದರೆ ಸಾಕು, ತೆರಿಗೆ ಹಣದಲ್ಲಿ ಪ್ರವಾಸ ಹೊರಟರು ಎಂಬ ಮಾತು ಏಳುತ್ತದೆ. ಈ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ತೆರಿಗೆ ಕಟ್ಟುವವರಿಗೆ ಲೆಕ್ಕ ಕೇಳುವ ಹಕ್ಕಿದೆ. ಆದರೆ ಹೋಗುವುದನ್ನೇ ನಿಲ್ಲಿಸಬೇಕು ಎಂಬ ವಾದವನ್ನು ಒಪ್ಪಲಾರೆ.

ಊರುಗಳು ಒಟ್ಟುಗೂಡಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಉದಾಹರಣೆ ನೋಡಿ. 1932ರಲ್ಲಿ ಅಮೆರಿಕದಲ್ಲಿ ಆರ್ಥಿಕ ಮಹಾಕುಸಿತ. ಕೆಲಸ ಕಳೆದುಕೊಂಡವರ ಹೊಟ್ಟೆ ತುಂಬಿಸುವ ಹೊರೆ ನಗರಗಳ ಮೇಲೆ ಬಿದ್ದಿತ್ತು, ಬೊಕ್ಕಸಗಳು ಬರಿದಾಗಿದ್ದವು. ಡೆಟ್ರಾಯಿಟ್ ನಗರದ ಮೇಯರ್ ಫ್ರಾಂಕ್ ಮರ್ಫಿ ಇತರ ದೊಡ್ಡ ನಗರಗಳ ಮೇಯರ್‌ಗಳನ್ನು ತಮ್ಮ ಊರಿಗೆ ಕರೆಸಿಕೊಂಡರು. ಎಲ್ಲರೂ ಸೇರಿ ಕೇಂದ್ರ ಸರ್ಕಾರದ ನೆರವು ಕೇಳಿದರು. ಅದೇ ಜುಲೈಯಲ್ಲಿ ಪರಿಹಾರ ಕಾರ್ಯಕ್ಕಾಗಿ ರಾಜ್ಯಗಳಿಗೆ 30 ಕೋಟಿ ಡಾಲರ್ ಸಾಲ ಕೊಡುವ ಕಾನೂನು ಬಂತು. ಅದಕ್ಕೆ ಬೇರೆ ಒತ್ತಡಗಳೂ ಕಾರಣವಾಗಿದ್ದವು, ನಿಜ. ಆದರೂ ಒಂದೇ ಊರಿನ ಮನವಿ ಕಡತದಲ್ಲಿ ಮಲಗುತ್ತದೆ. ಹತ್ತಾರು ಊರುಗಳು ಒಟ್ಟಾಗಿ ಅಂಗೀಕರಿಸಿದ ನಿರ್ಣಯವನ್ನು ಹಾಗೆ ಮಲಗಿಸಿಡುವುದು ಕಷ್ಟ. ಮೇಯರ್‌ಗಳ ಆ ಕೂಟವೇ ಮುಂದೆ ಕಾಯಂ ಸಂಘಟನೆಯಾಗಿ ಇಂದಿಗೂ ಸಭೆ ಸೇರುತ್ತಿದೆ.

ಸಮ್ಮೇಳನದ ನಿಜವಾದ ಕಲಿಕೆ ಮಾತ್ರ ವೇದಿಕೆಯ ಮೇಲೆ ನಡೆಯುವುದು ಕಡಿಮೆ. ಉದ್ಘಾಟನೆ, ಸನ್ಮಾನ, ಹಾರ ತುರಾಯಿಗಳಲ್ಲಿ ಅರ್ಧ ದಿನ ಹೋಗುತ್ತದೆ. ಊಟದ ಸಾಲಿನಲ್ಲಿ ಇಬ್ಬರು ಎಂಜಿನಿಯರ್‌ಗಳು ಎದುರುಬದುರಾದಾಗ ಕೆಲಸದ ಮಾತು ಶುರುವಾಗುತ್ತದೆ. ಒಬ್ಬರ ಊರಿನಲ್ಲಿ ಶುದ್ಧೀಕರಿಸಿದ ನೀರಿನ ದೊಡ್ಡ ಪಾಲು ಲೆಕ್ಕಕ್ಕೇ ಸಿಗದೆ ಹೋಗುತ್ತಿದೆ ಎನ್ನಿ. ಇನ್ನೊಬ್ಬರು ಕಾರ್ಯಕ್ರಮ ಪಟ್ಟಿಯ ಹಿಂಬದಿಯಲ್ಲಿ ಗೆರೆ ಎಳೆದು ತೋರಿಸುತ್ತಾರೆ: ಊರನ್ನು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದ ಬಾಯಲ್ಲಿ ಮಾಪಕ ಕೂರಿಸಿ, ರಾತ್ರಿ ಎರಡರಿಂದ ನಾಲ್ಕರವರೆಗೆ ಹರಿವು ಅಳೆಯಿರಿ. ಊರು ಮಲಗಿರುವ ಆ ಹೊತ್ತಿನಲ್ಲೂ ನೀರು ಜೋರಾಗಿ ಹರಿಯುತ್ತಿದ್ದರೆ ಅದರ ಬಹುಪಾಲು ಸೋರಿಕೆಯೇ. ದಿನವಿಡೀ ನೀರಿರುವ ಕೊಳವೆ ಜಾಲಕ್ಕೆ ಮಾತ್ರ ಈ ಉಪಾಯ ಸಲ್ಲುತ್ತದೆ ಎಂಬ ಎಚ್ಚರಿಕೆಯನ್ನೂ ಅವರೇ ಕೊಡುತ್ತಾರೆ. ಯಾವ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ, ಯಾವ ಗುತ್ತಿಗೆದಾರ ನಡುವೆ ಕೈಕೊಟ್ಟ ಎಂಬುದು ಯಾವ ಮಾರ್ಗಸೂಚಿಯಲ್ಲೂ ಅಚ್ಚಾಗುವುದಿಲ್ಲ. ಸೋತ ಕಥೆಯನ್ನು ಒಬ್ಬ ಅಧಿಕಾರಿ ಇನ್ನೊಬ್ಬ ಅಧಿಕಾರಿಗೆ ಮಾತ್ರ ಬಿಚ್ಚಿ ಹೇಳುತ್ತಾನೆ.

ಹಾಗಾದರೆ ಆ ಊಟದ ಸಾಲಿನಲ್ಲಿ ಯಾರು ನಿಂತಿರಬೇಕು? ಚುನಾಯಿತರು ಹೋಗಲಿ, ನಿರ್ಣಯಕ್ಕೆ ಮತ ಹಾಕುವವರು ಅವರೇ. ಆದರೆ ನೀರು ಬಿಡುವ ವಿಭಾಗದ ಕಿರಿಯ ಎಂಜಿನಿಯರ್, ಕಸ ವಿಲೇವಾರಿ ನೋಡಿಕೊಳ್ಳುವ ಆರೋಗ್ಯ ನಿರೀಕ್ಷಕ, ಕಂದಾಯ ವಿಭಾಗದ ಗುಮಾಸ್ತ, ಇವರ ಹೆಸರು ಪಟ್ಟಿಯಲ್ಲಿ ಕಾಣುವುದು ಅಪರೂಪ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಕೇಳಲು ನೂರು ಪ್ರಶ್ನೆಗಳಿರುವವರನ್ನು ಮನೆಯಲ್ಲಿ ಬಿಟ್ಟು ಹೋದರೆ ತರುವುದಾದರೂ ಏನನ್ನು? ಸಭಾಂಗಣದ ಹೊರಗೆ ಬೀದಿದೀಪ, ಕಸದ ವಾಹನ, ತಂತ್ರಾಂಶ ಮಾರುವವರ ಮಳಿಗೆಗಳಿರುತ್ತವೆ. ಬಿಡಿಭಾಗ ಸಿಗುತ್ತದೆಯೇ, ದುರಸ್ತಿಗೆ ಎಷ್ಟು ದಿನ ಎಂದು ಕೇಳಲು ಹೊಳೆಯುವುದು ಆ ಯಂತ್ರದೊಡನೆ ದಿನವೂ ಹೆಣಗುವವರಿಗೇ.

ಹೋಗಿಬಂದವರು ತಿಂಗಳೊಳಗೆ ಲಿಖಿತ ವರದಿ ಕೊಡಬೇಕು. ಯಾರನ್ನು ಕಂಡೆವು, ಏನು ಕಲಿತೆವು, ಯಾವುದು ನಮ್ಮ ಊರಿಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ, ಖರ್ಚೆಷ್ಟಾಯಿತು, ಎಲ್ಲವೂ ಅದರಲ್ಲಿರಲಿ. ಅದು ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಒಂದು ವಿಷಯವಾಗಿ ಬರಲಿ, ಚರ್ಚೆಯಾಗಲಿ, ನಡಾವಳಿಯಲ್ಲಿ ದಾಖಲಾಗಲಿ. ಮುಂದಿನ ವರ್ಷ ಪ್ರಯಾಣಕ್ಕೆ ಮಂಜೂರಾತಿ ಕೊಡುವ ಮುನ್ನ ಸದಸ್ಯರು ಆ ವರದಿಯನ್ನು ಕೈಯಲ್ಲಿ ಹಿಡಿದು, ಇದರಲ್ಲಿ ಬರೆದದ್ದರಲ್ಲಿ ಏನೇನು ಮಾಡಿದಿರಿ ಎಂದು ಕೇಳಲಿ.

ನಮಸ್ಕಾರ.