ಹೆಸರು ಒಂದು, ರೋಗ ಹಲವು

ಕೇಳುಗರಿಗೆ ನಮಸ್ಕಾರ.

ಕಳೆದ ವಾರ ತಾಳಿಕೋಟೆ ಕಡೆಯ ಹಿರಿಯರೊಬ್ಬರು ವಿಜಯಪುರಕ್ಕೆ ಬಂದು ನನ್ನೆದುರು ಕುಳಿತರು. "ಡಾಕ್ಟರ ಸಾಹೇಬರೇ, ನಮ್ಮ ಬೀಗರಿಗೂ ಇದೇ ಗ್ಲಾಕೋಮಾ. ಆಪರೇಷನ್ ಮಾಡಿಸಿಕೊಂಡು ಆರಾಮಾಗಿ ಹೊಲ ನೋಡಿಕೊಂಡಿದ್ದಾರೆ. ನನಗೂ ಅದನ್ನೇ ಮಾಡಿರಿ" ಎಂದರು. ಬೀಗರ ಕಣ್ಣಿನ ರೋಗ ಬೇರೆ, ಇವರದು ಬೇರೆ.

ಕಣ್ಣಿನೊಳಗೆ ತಿಳಿನೀರು ಸದಾ ಊರುತ್ತದೆ, ಸದಾ ಹೊರಹರಿಯುತ್ತದೆ. ಹೊರದಾರಿ ಕಟ್ಟಿದರೆ ಒತ್ತಡ ಏರಿ ದೃಷ್ಟಿಯ ನರ ಸಾಯುತ್ತದೆ; ಇದೇ ಗ್ಲಾಕೋಮಾ. ಸತ್ತ ನರ ಮತ್ತೆ ಚಿಗುರುವುದಿಲ್ಲ. ಮೋತಿಬಿಂದು ತೆಗೆದಾಗ ಆಗುವಂತೆ ಮರುದಿನವೇ ಬೆಳಕು ಮರಳುತ್ತದೆಂದು ಇಲ್ಲಿ ಕಾಯಬಾರದು. ಉಳಿದ ನೋಟವನ್ನು ಕಾಯುವುದಷ್ಟೇ ಈ ಶಸ್ತ್ರಚಿಕಿತ್ಸೆಯ ಕೆಲಸ.

ಬೀಗರದು ಸಾಮಾನ್ಯವಾದ, ಕೋನ, ಅಂದರೆ ನೀರು ಹೊರದಾರಿ ಸೇರುವ ಕಣ್ಣಿನೊಳಗಿನ ಮೂಲೆ, ತೆರೆದಿರುವ ಬಗೆ. 1968ರಿಂದ ಬಳಕೆಯಲ್ಲಿರುವ ಟ್ರಬೆಕ್ಯುಲೆಕ್ಟಮಿ ಅವರಿಗಾಗಿದೆ: ಕೆರೆಗೆ ಕೋಡಿ ತೆಗೆದಂತೆ, ಮೇಲಿನ ರೆಪ್ಪೆಯ ಮರೆಯಲ್ಲಿ ನೀರಿಗೊಂದು ಹೊಸ ದಾರಿ. ಆದರೆ ಎರೆಮಣ್ಣಿನ ಕಾಲುವೆ ಹೂಳುವ ಹಾಗೆ ಈ ದಾರಿಯನ್ನೂ ಗಾಯದ ಕಲೆ ಮುಚ್ಚಲು ನೋಡುತ್ತದೆ. ಅದಕ್ಕೇ ಮೈಟೊಮೈಸಿನ್ ಎಂಬ ಔಷಧಿಯನ್ನು ಆಪರೇಷನ್ ವೇಳೆ ಕೆಲವು ನಿಮಿಷ ಅಲ್ಲಿ ತಾಗಿಸುತ್ತೇವೆ. ಈ ಬಗೆಯಲ್ಲಿ ಹೆಚ್ಚಿನವರಿಗೆ ವರ್ಷಗಟ್ಟಲೆ ಒತ್ತಡ ಹತೋಟಿಯಲ್ಲಿರುತ್ತದೆ.

ಕೋನ ಮುಚ್ಚುವ ಬಗೆಯಲ್ಲಿ ದಪ್ಪಗಾದ ಮಸೂರವೇ ಅನೇಕ ವೇಳೆ ದಾರಿಗೆ ಅಡ್ಡ. ಅಂಥವರಿಗೆ ಮಸೂರ ತೆಗೆದು ಕೃತಕ ಮಸೂರ ಇಡುವುದರಿಂದ ಒಳ್ಳೆಯ ಫಲ ಸಿಗುತ್ತದೆಂದು 2016ರಲ್ಲಿ ಪ್ರಕಟವಾದ ಈಗಲ್ ಅಧ್ಯಯನ ತೋರಿಸಿತು. ತಡವಾಗಿ ಕೋನ ಅಂಟಿಕೊಂಡುಬಿಟ್ಟರೆ ಅಷ್ಟು ಫಲವಿಲ್ಲ.

ತಾಳಿಕೋಟೆಯ ಹಿರಿಯರದು ಸಕ್ಕರೆ ಕಾಯಿಲೆಯಿಂದ ಬಂದದ್ದು. ಅವರ ಕಣ್ಣಿನ ಪಾಪೆಯ ಅಂಚಿನಲ್ಲಿ ಕೆಂಪು ನೂಲಿನಂಥ ಹೊಸ ರಕ್ತನಾಳಗಳು ಹಬ್ಬಿವೆ. ಇಲ್ಲಿ ಕೋಡಿ ತೆಗೆದರೆ ರಕ್ತ ಸೋರುತ್ತದೆ, ದಾರಿ ಬೇಗ ಮುಚ್ಚುತ್ತದೆ. ಮೊದಲು ಚುಚ್ಚುಮದ್ದು ಮತ್ತು ಲೇಸರ್, ಬೇಕಾದರೆ ಆಮೇಲೆ ನೀರು ಹೊರಹರಿಸುವ ಸಣ್ಣ ಕೊಳವೆ. ಮಧುರೈಯಲ್ಲಿ ತಯಾರಾಗುವ ಕೊಳವೆ ಕಡಿಮೆ ಬೆಲೆಗೆ ಸಿಗುವುದು ನಮ್ಮಂಥ ಊರುಗಳಿಗೆ ದೊಡ್ಡ ಆಸರೆ. ಇಷ್ಟಾದರೂ ಈ ಬಗೆಯಲ್ಲಿ ಫಲ ಕಡಿಮೆಯೇ.

ನನ್ನನ್ನು ಹೆಚ್ಚು ಕಾಡುವುದು ಕೂಸುಗಳು. ಇಂಡಿ ಕಡೆಯ ತಾಯಿಯೊಬ್ಬರ ಆರು ತಿಂಗಳ ಮಗು ಬಾಗಿಲ ಬೆಳಕು ಬಿದ್ದ ಕೂಡಲೇ ಸೆರಗಿನೊಳಗೆ ಮುಖ ಹುದುಗಿಸುತ್ತಿತ್ತು. ಕಣ್ಣಲ್ಲಿ ನೀರು. "ಎಷ್ಟು ದೊಡ್ಡ ಕಣ್ಣು" ಎಂದು ಓಣಿಯವರೆಲ್ಲ ಹೊಗಳಿದ್ದರಂತೆ. ಒತ್ತಡಕ್ಕೆ ಹಿಗ್ಗಿದ ಕಣ್ಣು ಅದು. ಅಕ್ಕನ ಮಗಳನ್ನು ತರುವ ನಮ್ಮ ರೂಢಿಯಲ್ಲಿ ಈ ರೋಗದ ಅಪಾಯ ಹೆಚ್ಚು. ಇದಕ್ಕೆ ಹನಿ ಔಷಧಿ ಸಾಲದು, ಶಸ್ತ್ರಚಿಕಿತ್ಸೆಯೇ ಮೊದಲ ಮದ್ದು. ಹುಟ್ಟುವಾಗಲೇ ಕಣ್ಣು ಮಬ್ಬಾಗಿದ್ದರೆ ಕಷ್ಟ. ಮೂರು ತಿಂಗಳಾದ ಮೇಲೆ, ವರ್ಷದೊಳಗೆ ಕಾಣಿಸಿಕೊಂಡದ್ದಕ್ಕೆ ಬೇಗ ಮಾಡಿದರೆ ಫಲ ಚೆನ್ನಾಗಿರುತ್ತದೆ. ದೃಷ್ಟಿ ತೆಗೆಯುತ್ತ ದಿನ ಕಳೆಯಬೇಡಿ, ತಾಯಂದಿರೇ.

ತಾಳಿಕೋಟೆಯ ಹಿರಿಯರು ಬುಧವಾರ ಲೇಸರ್‌ಗೆ ಬರುತ್ತಾರೆ. ಬೀಗರನ್ನೂ ಕರೆತರಲು ಹೇಳಿದ್ದೇನೆ. ಆಪರೇಷನ್ ಆಗಿದೆಯಲ್ಲ ಎಂದು ಅವರು ಎರಡು ವರ್ಷದಿಂದ ಒತ್ತಡ ನೋಡಿಸಿಯೇ ಇಲ್ಲವಂತೆ.