ಒಂದು ಡಿಗ್ರಿಯ ಇಳಿಜಾರೂ ಜಾರುತ್ತದೆ

ಸಭೆಗೆ ನಮಸ್ಕಾರ.

ಗುಡ್ಡ ಜರಿಯುವುದು ಎಂದರೇನೆಂದು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆದ್ದಾರಿಗಾಗಿ ಗುಡ್ಡ ಕಡಿದಲ್ಲೆಲ್ಲ ಮಳೆಗಾಲ ನಮಗೆ ಆ ಪಾಠವನ್ನು ಮಾಡುತ್ತಲೇ ಇದೆ. ಮೇಲೆ ಗಟ್ಟಿ ಮುರಕಲ್ಲು. ಅದರಡಿಯಲ್ಲಿ ನೀರು ಕುಡಿದೊಡನೆ ಬಲ ಕಳೆದುಕೊಳ್ಳುವ ಶೇಡಿ ಮಣ್ಣು. ಇಂದು ನಾನು ಹೇಳಹೊರಟಿರುವುದು ಕಡಲಿನೊಳಗಿನ ಜರಿತದ ಬಗ್ಗೆ. ಕಣ್ಣಿಗೆ ಕಾಣದ ಆ ಇಳಿಜಾರು ನಿಲ್ಲುತ್ತದೆಯೋ ಜಾರುತ್ತದೆಯೋ ಎಂದು ಮೊದಲೇ ಅಂದಾಜು ಮಾಡುವುದು ಹೇಗೆ?

ಕಡಿದಾದ ಇಳಿಜಾರೇ ಅಪಾಯಕಾರಿ ಎಂಬ ನಂಬಿಕೆಯನ್ನು ದಡದಲ್ಲೇ ಬಿಟ್ಟು ಹೊರಡೋಣ. ನಾರ್ವೆಯ ಕರಾವಳಿಯಾಚೆ ಸುಮಾರು 8,150 ವರ್ಷಗಳ ಹಿಂದೆ ಸ್ಟೊರೆಗ್ಗಾ ಎಂಬಲ್ಲಿ ಸುಮಾರು 3,000 ಘನ ಕಿಲೋಮೀಟರ್ ಮಣ್ಣು ಕುಸಿದು ಹರಿಯಿತು. ಅದು ಎಬ್ಬಿಸಿದ ಸುನಾಮಿ ಸ್ಕಾಟ್ಲೆಂಡಿನ ನೆಲದ ಮೇಲೆ ಮರಳಿನ ಪದರವನ್ನೇ ಬಿಟ್ಟುಹೋಗಿದೆ. ಅಲ್ಲಿನ ಇಳಿಜಾರು ಎಷ್ಟು ಗೊತ್ತೇ? ಒಂದು ಡಿಗ್ರಿಯ ಆಸುಪಾಸು. ಅಂಥ ನೆಲದಲ್ಲಿ ನಿಂತರೆ ಇಳಿಜಾರಿದೆ ಎಂದೇ ನಿಮಗೆ ಅನಿಸಲಿಕ್ಕಿಲ್ಲ.

ಹಾಗಾದರೆ ಜಾರಿದ್ದು ಹೇಗೆ? ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಡಿಗ್ರಿ ಇಳಿಜಾರಿನಲ್ಲಿ 20 ಮೀಟರ್ ದಪ್ಪದ ಮೆತ್ತನೆಯ ಜೇಡಿಮಣ್ಣು ಇದೆ ಎಂದಿಟ್ಟುಕೊಳ್ಳಿ. ನೀರಿನಲ್ಲಿ ಮುಳುಗಿರುವುದರಿಂದ ಅದರ ತೇಲುತೂಕ, ಅಂದರೆ ನೀರು ಎತ್ತಿಹಿಡಿದದ್ದು ಕಳೆದು ಉಳಿಯುವ ತೂಕ, ಘನ ಮೀಟರಿಗೆ ಸುಮಾರು 6 ಕಿಲೋನ್ಯೂಟನ್. ಪದರದ ಬುಡದಲ್ಲಿ ಬೀಳುವ ಒತ್ತಡ 120 ಕಿಲೋಪಾಸ್ಕಲ್. ಅದರಲ್ಲಿ ಮಣ್ಣನ್ನು ಕೆಳಕ್ಕೆ ಎಳೆಯುವ ಪಾಲು 2 ಕಿಲೋಪಾಸ್ಕಲ್‌ಗಿಂತ ತುಸು ಹೆಚ್ಚು, ಅಷ್ಟೇ. ಸಾಮಾನ್ಯ ಜೇಡಿಯ ಜಾರು ನಿರೋಧ ಆ ಒತ್ತಡದ ಕಾಲು ಭಾಗ, ಅಂದರೆ 30 ಎಂದು ಹಿಡಿಯಿರಿ. ತಡೆಯುವ ಬಲ ಎಳೆಯುವ ಬಲದ ಎಷ್ಟು ಪಟ್ಟು ಎಂಬುದೇ ಸುರಕ್ಷತಾ ಗುಣಾಂಕ. ಇಲ್ಲಿ ಅದು ಹದಿನಾಲ್ಕು! ದಡದ ಮೇಲಿನ ಎಂಜಿನಿಯರು ಒಂದೂವರೆ ಸಿಕ್ಕಿದರೇ ನೆಮ್ಮದಿಯಿಂದ ಸಹಿ ಹಾಕುತ್ತಾನೆ.

ಈಗ ಅದೇ ನೆಲವನ್ನು ಭೂಕಂಪ ಅಲುಗಿಸಲಿ. ಗುರುತ್ವದ ಹತ್ತನೇ ಒಂದು ಪಾಲಿನಷ್ಟು ಅಡ್ಡ ಕುಲುಕು ಸಾಕು. ಸೂಕ್ಷ್ಮ ಇರುವುದು ಇಲ್ಲಿ. ಕೆಳಕ್ಕೆ ಎಳೆಯುವಾಗ ಗುರುತ್ವಕ್ಕೆ ಸಿಗುವುದು ತೇಲುತೂಕ ಮಾತ್ರ. ಅಡ್ಡ ಕುಲುಕುವ ಭೂಕಂಪ ಮಣ್ಣು ಮತ್ತು ಅದರೊಳಗಿನ ನೀರು ಎರಡನ್ನೂ ಸೇರಿಸಿ ಎಳೆಯುತ್ತದೆ. ಘನ ಮೀಟರಿಗೆ 16 ಕಿಲೋನ್ಯೂಟನ್, 20 ಮೀಟರ್ ದಪ್ಪ, ಅದರ ಹತ್ತನೇ ಒಂದು: 32 ಕಿಲೋಪಾಸ್ಕಲ್. ಮೊದಲಿನ 2 ಸೇರಿಸಿ, 34. ತಡೆಯುವ ಬಲ 30. ಹದಿನಾಲ್ಕಿದ್ದ ಗುಣಾಂಕ ಒಂದಕ್ಕಿಂತ ಕೆಳಗಿಳಿಯಿತು. ಕುಲುಕು ಕ್ಷಣಿಕವಾದ್ದರಿಂದ ನೆಲ ತಕ್ಷಣ ಓಡಿಹೋಗುತ್ತದೆ ಎಂದಲ್ಲ, ಪ್ರತಿ ಕುಲುಕಿಗೂ ಇಷ್ಟಿಷ್ಟು ಸರಿಯುತ್ತದೆ. ಆ ಸರಿತದಲ್ಲಿ ಜೇಡಿ ಎಷ್ಟು ಬಲ ಕಳೆದುಕೊಳ್ಳುತ್ತದೆ ಎಂಬುದರ ಮೇಲೆ ಮುಂದಿನದು ನಿಂತಿದೆ.

ಭೂಕಂಪಕ್ಕಿಂತ ಮೊದಲೇ ನೆಲವನ್ನು ಸೋಲಿಸಿಡುವುದು ಒಳಗಿನ ನೀರಿನ ಒತ್ತಡ. ಪೆರ್ಲ, ಬಾಯಾರು ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಗುಡ್ಡದ ಹೊಟ್ಟೆಯಲ್ಲಿ ಸೇರಿದ ನೀರಿಗೆ, ನೀರಿಗಾಗಿಯೇ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗ ಒಂದು ದಾರಿ ಕೊಡುತ್ತದೆ. ಕಡಲ ತಳದ ಜೇಡಿಯಲ್ಲಿ ಅಂಥ ಸುರಂಗ ಇಲ್ಲ. ಹಿಮಯುಗದಲ್ಲಿ ನಾರ್ವೆಯ ಹಿಮನದಿಗಳು ಬಹಳ ವೇಗವಾಗಿ ಮಣ್ಣನ್ನು ತಂದು ಸುರಿದವು. ಅಡಿಯ ಜೇಡಿಯಲ್ಲಿದ್ದ ನೀರಿಗೆ ಹೊರಬರಲು ಸಮಯವೇ ಸಿಗಲಿಲ್ಲ. ಮೇಲಿನ ಭಾರವನ್ನು ಮಣ್ಣಿನ ಕಣಗಳ ಬದಲು ನೀರು ಹೊತ್ತಿತು, ಕಣಗಳ ನಡುವಿನ ಹಿಡಿತ ಸಡಿಲವಾಯಿತು. ಕೊನೆಗೆ ಒಂದು ದೊಡ್ಡ ಭೂಕಂಪ ಕೆಲಸ ಮುಗಿಸಿರಬೇಕು ಎಂಬುದು ತಜ್ಞರ ಅಭಿಪ್ರಾಯ.

ಸ್ಟೊರೆಗ್ಗಾವನ್ನು ಇಷ್ಟು ಕೂಲಂಕಷವಾಗಿ ಅಗೆದು ನೋಡಿದ್ದು ಬರಿಯ ಕುತೂಹಲದಿಂದಲ್ಲ. ಜರಿದ ಗಾಯದೊಳಗೇ ಓರ್ಮೆನ್ ಲಾಂಗೆ ಅನಿಲ ನಿಕ್ಷೇಪ ಸಿಕ್ಕಿತ್ತು. ಅನಿಲ ತೆಗೆದರೆ ಇನ್ನೊಮ್ಮೆ ಜರಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಬೇಕಿತ್ತು. ಜಾರಬೇಕಾದ ಮಣ್ಣು ಜಾರಿಯಾಗಿದೆ, ಅಷ್ಟು ಮತ್ತೆ ಸೇರಲು ಇನ್ನೊಂದು ಹಿಮಯುಗವೇ ಬರಬೇಕು ಎಂಬ ತೀರ್ಮಾನವಾಯಿತು. 2007ರಲ್ಲಿ ಅನಿಲ ಹರಿಯತೊಡಗಿತು. ನನ್ನ ಮಟ್ಟಿಗೆ ಅಪಾಯ ಅಂದಾಜಿನ ಅತ್ಯುತ್ತಮ ಮಾದರಿ ಇದು. ಹೆದರಿಕೆಯಿಂದ ಆರಂಭವಾಗಿ, ಕಾರಣ ಹುಡುಕಿ, ನಿರ್ಧಾರಕ್ಕೆ ಬಂದ ಕೆಲಸ.

ಅಳತೆಯ ಸಾಧನಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹಡಗಿನಿಂದ ಹಲವು ಕಿರಣಗಳ ಶಬ್ದ ಕಳಿಸಿ ತಳದ ನಕ್ಷೆ ಮಾಡುತ್ತಾರೆ. ಇನ್ನೊಂದು ಬಗೆಯ ಶಬ್ದ ತಳದೊಳಕ್ಕೆ ಇಳಿದು ಪದರಗಳನ್ನು ತೋರಿಸುತ್ತದೆ. ಕೊಳವೆ ಇಳಿಸಿ ಮಣ್ಣಿನ ಮಾದರಿ ತೆಗೆಯುತ್ತಾರೆ. ಆದರೆ ಆಳದಿಂದ ಮೇಲೆ ಬರುವಾಗ ಒತ್ತಡ ಇಳಿದು ಒಳಗಿನ ಅನಿಲ ಹಿಗ್ಗುತ್ತದೆ, ಮಾದರಿ ಬಿರುಕು ಬಿಡುತ್ತದೆ. ಆದ್ದರಿಂದಲೇ ಸ್ಥಳದಲ್ಲೇ ಚೂಪು ಶಂಕುವನ್ನು ಒತ್ತಿ ಬಲವನ್ನೂ, ನೀರಿನ ಒತ್ತಡವನ್ನೂ ಅಳೆಯುತ್ತಾರೆ. ನಮ್ಮ ಪಶ್ಚಿಮ ಕರಾವಳಿಯ ತಳದ ಕೆಸರಿನಲ್ಲಿಯೂ ಅಲ್ಲಲ್ಲಿ ಅನಿಲವಿದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಕಡಲ ಜರಿತದ ವೇಗ ಜಗತ್ತಿಗೆ ತಿಳಿದದ್ದು ತಂತಿಗಳಿಂದ. 1929ರ ನವೆಂಬರ್ 18ರಂದು ಕೆನಡಾದ ಗ್ರ್ಯಾಂಡ್ ಬ್ಯಾಂಕ್ಸ್ ಬಳಿ ಭೂಕಂಪವಾಗಿ, ಅಟ್ಲಾಂಟಿಕ್ ತಳದ ಹನ್ನೆರಡು ಟೆಲಿಗ್ರಾಫ್ ಕೇಬಲ್‌ಗಳು ತುಂಡಾದವು. ಭೂಕಂಪದ ಕೇಂದ್ರದ ಬಳಿಯವು ಆಗಲೇ ಹೋದವು. ಆಳದಲ್ಲಿದ್ದವು ಒಂದರ ಹಿಂದೆ ಒಂದರಂತೆ ಹೋಗಿ, ಕೊನೆಯದು ತುಂಡಾಗುವಾಗ 13 ಗಂಟೆ ದಾಟಿತ್ತು. 1952ರಲ್ಲಿ ಬ್ರೂಸ್ ಹೀಜನ್ ಮತ್ತು ಮಾರಿಸ್ ಯೂಯಿಂಗ್ ಆ ಸಮಯಗಳನ್ನು ಜೋಡಿಸಿ, ತಳದ ಮೇಲೆ ಕೆಸರಿನ ಪ್ರವಾಹವೇ ಓಡಿದೆ ಎಂದು ತೋರಿಸಿದರು. 2024ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಲಕ್ಷದ್ವೀಪ ಕೇಬಲ್ ಕೂಡ ಭೂಖಂಡದ ಅಂಚನ್ನು ಇಳಿದೇ ದ್ವೀಪ ಸೇರುತ್ತದೆ.

ನಮ್ಮ ಅರಬ್ಬೀ ಸಮುದ್ರ ಇದರಿಂದ ಹೊರತೇನಲ್ಲ. ಭಾರತದ ಪಶ್ಚಿಮ ಅಂಚಿನಲ್ಲಿ, ನಮ್ಮಿಂದ ಬಹಳ ಉತ್ತರಕ್ಕೆ, ಕೋಟಿ ವರ್ಷಗಳಿಗೂ ಹಿಂದೆ ಜಾರಿದ ಒಂದು ರಾಶಿಗೆ ವಿಜ್ಞಾನಿಗಳು ನಟರಾಜ ಎಂದು ಹೆಸರಿಟ್ಟಿದ್ದಾರೆ. ಅದರ ಗಾತ್ರ ಸುಮಾರು 19,000 ಘನ ಕಿಲೋಮೀಟರ್, ಸ್ಟೊರೆಗ್ಗಾದ ಆರು ಪಟ್ಟು. ಅಂಥದ್ದು ನಾಳೆ ಕುಂಬಳೆಯೆದುರು ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಗಂಭೀರವಾಗಿ ತೆಗೆದುಕೊಳ್ಳುವುದು ಚಿಕ್ಕದನ್ನು. 2013ರ ಸೆಪ್ಟೆಂಬರ್ 24ರಂದು ಬಲೂಚಿಸ್ತಾನದಲ್ಲಿ 7.7 ತೀವ್ರತೆಯ ಭೂಕಂಪವಾಯಿತು. ಕೇಂದ್ರವಿದ್ದದ್ದು ಒಳನಾಡಿನಲ್ಲಿ, ಆದರೂ ಒಮಾನಿನ ತೀರದಲ್ಲಿ ಸಣ್ಣ ಸುನಾಮಿ ದಾಖಲಾಯಿತು. ಕುಲುಕಿಗೆ ಕಡಲ ತಳ ಎಲ್ಲೋ ಜರಿದಿರಬೇಕು ಎಂಬುದು ಸಂಶೋಧಕರ ಊಹೆ.

ಎಚ್ಚರಿಕೆ ವ್ಯವಸ್ಥೆಗೆ ಇದು ತೊಡಕಿನ ಪ್ರಶ್ನೆ. 2018ರ ಡಿಸೆಂಬರ್ 22ರಂದು ಇಂಡೋನೇಷ್ಯಾದ ಅನಕ್ ಕ್ರಕಟೋವಾ ಜ್ವಾಲಾಮುಖಿಯ ಮಗ್ಗುಲು ಕಡಲಿಗೆ ಕುಸಿದು ನಾನೂರಕ್ಕೂ ಹೆಚ್ಚು ಜನ ಸತ್ತರು. ಎಚ್ಚರಿಕೆ ಹೊರಡಲಿಲ್ಲ, ಅದು ಕಾಯುತ್ತಿದ್ದದ್ದು ದೊಡ್ಡ ಭೂಕಂಪವನ್ನು, ಅಲ್ಲಿ ಅಂಥದ್ದು ನಡೆದೇ ಇರಲಿಲ್ಲ. ನಮ್ಮಲ್ಲಿ ಹೈದರಾಬಾದಿನ ಸುನಾಮಿ ಕೇಂದ್ರ ಭೂಕಂಪ ಮಾಪಕಗಳ ಜೊತೆಗೆ ಕಡಲ ತಳದ ಒತ್ತಡ ಮಾಪಕಗಳನ್ನೂ, ತೀರದ ಉಬ್ಬರವಿಳಿತ ಮಾಪಕಗಳನ್ನೂ ನೋಡುತ್ತದೆ. ಜರಿತದ ಅಲೆಯನ್ನು ಹಿಡಿಯಬಲ್ಲವು ಈ ಎರಡೇ. ಅವು ಎಷ್ಟು ದಟ್ಟವಾಗಿವೆ, ಎಷ್ಟು ಕಾಲ ಕೆಡದೆ ಓಡುತ್ತವೆ ಎಂಬುದನ್ನು ಮಂಜೇಶ್ವರದಿಂದ ನೀಲೇಶ್ವರದವರೆಗಿನ ನಮ್ಮ ಪಂಚಾಯಿತಿಗಳು ಕೇಳಬೇಕು.