ದೊಡ್ಡಕ್ಷರದ ಸ್ಪೀಡು, ಸಣ್ಣಕ್ಷರದ ಲಿಮಿಟ್ಟು

ಕೇಳುಗರಿಗೆ ನಮಸ್ಕಾರ.

ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆ ಅಕ್ಕ ಇಂಟರ್‌ನೆಟ್ ಕಂಪನಿಯ ಒಂದು ಕರಪತ್ರ ಹಿಡಿದುಕೊಂಡು ಬಂದರು. ಪೇಪರ್ ಒಳಗೆ ಇಟ್ಟು ಹಂಚಿದ್ದು. 30, 100, 200 ಅಂತ ಮೂರು ಅಂಕಿ ಕಣ್ಣಿಗೆ ಹೊಡೆಯುವ ಹಾಗೆ ಅಚ್ಚಾಗಿತ್ತು. "ತಮ್ಮಾ, ಮಗ ಮಳೆಗಾಲದಲ್ಲಿ ಇಲ್ಲೇ ಕೂತು ಆಫೀಸ್ ಕೆಲಸ ಮಾಡ್ತೀನಿ ಅಂತಾನೆ. ಇದರಲ್ಲಿ ಯಾವುದು ಹಾಕಿಸ್ಲಿ?" ಅಂದರು. ನಮ್ಮದು ಮಲೆನಾಡಿನ ಸಾಗರ ಪೇಟೆಯ ಹತ್ತಿರದ ಹಳ್ಳಿ. ಮೊಬೈಲ್ ಸಿಗ್ನಲ್ ಬೇಕು ಅಂದರೆ ತೋಟದ ಏರಿ ಹತ್ತಬೇಕು. ಹಾಗಾಗಿ ಈ ಪ್ರಶ್ನೆ ಸಣ್ಣದಲ್ಲ.

ಮೊದಲು ಆ ಅಂಕಿ ಏನು ಅಂತ ನೋಡೋಣ. ಸ್ಪೀಡನ್ನು ಬಿಟ್ ಲೆಕ್ಕದಲ್ಲಿ ಹೇಳುತ್ತಾರೆ, ನಾವು ಇಳಿಸಿಕೊಳ್ಳುವ ಫೈಲನ್ನು ಬೈಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್, ಎಂಬಿ ಅಂದರೆ ಮೆಗಾಬೈಟ್. ಹಾಗಾಗಿ 100 ಎಂಬಿಪಿಎಸ್ ಪ್ಲಾನ್ ಹಾಕಿಸಿದವರಿಗೆ ಸೆಕೆಂಡಿಗೆ 100 ಎಂಬಿ ಇಳಿಯುವುದಿಲ್ಲ, ಹನ್ನೆರಡೂವರೆ ಎಂಬಿ ಇಳಿಯುತ್ತದೆ. ಮೋಸ ಏನಲ್ಲ, ಲೆಕ್ಕವೇ ಹಾಗೆ. ಆದರೆ ಯಾರೂ ಬಿಡಿಸಿ ಹೇಳುವುದಿಲ್ಲ.

ಹಾಗಾದರೆ ಎಷ್ಟು ಸ್ಪೀಡ್ ಬೇಕು? ನೆಟ್‌ಫ್ಲಿಕ್ಸ್‌ನವರೇ ಹೇಳುವಂತೆ, ಫುಲ್ ಎಚ್‌ಡಿ ಸಿನಿಮಾಕ್ಕೆ 5 ಎಂಬಿಪಿಎಸ್ ಇದ್ದರೆ ಸಾಕು, 4ಕೆ ಟಿವಿಗೆ 15. ಆಫೀಸಿನ ವಿಡಿಯೊ ಮೀಟಿಂಗ್‌ಗೆ ಇಷ್ಟೂ ಬೇಡ. ಮಗ ಮೀಟಿಂಗ್‌ನಲ್ಲಿ ಕೂತು, ಅಕ್ಕ ಧಾರಾವಾಹಿ ಹಾಕಿಕೊಂಡು, ಭಾವ ಫೋನಿನಲ್ಲಿ ಯಕ್ಷಗಾನ ನೋಡುತ್ತಿದ್ದರೂ 30ರಲ್ಲಿ ಇನ್ನೂ ಮಿಗುತ್ತದೆ.

ಆದರೂ ಜನ ಜಾಸ್ತಿ ಸ್ಪೀಡಿನದ್ದೇ ಹಾಕಿಸುತ್ತಾರೆ. ಆಮೇಲೆ "ನೆಟ್ ಸ್ಲೋ" ಅಂತಾರೆ. ನಮ್ಮ ಮನೆಯಲ್ಲೇ ಆಗಿದ್ದು ಹೇಳುತ್ತೇನೆ. ನಾನು 100ರ ಪ್ಲಾನ್ ಹಾಕಿಸಿ ರೂಟರನ್ನು, ಅಂದರೆ ವೈಫೈ ಹಂಚುವ ಪೆಟ್ಟಿಗೆಯನ್ನು, ಜಗಲಿಯಲ್ಲಿ ಇಟ್ಟಿದ್ದೆ. ಅದರ ಪಕ್ಕದಲ್ಲೇ ನಿಂತು ಫೋನಿನಲ್ಲಿ ಸ್ಪೀಡ್ ನೋಡಿದರೆ 94. ನಡುಮನೆಗೆ ಬಂದರೆ 40. ಅಡುಗೆಮನೆಯಲ್ಲಿ 6! ಮಧ್ಯದಲ್ಲಿದ್ದದ್ದು ಅಜ್ಜನ ಕಾಲದ ಎರಡು ದಪ್ಪ ಗೋಡೆ, ಅಷ್ಟೇ. 200ರದ್ದು ಹಾಕಿಸಿದ್ದರೂ ಆ ಗೋಡೆ ಕರಗುತ್ತಿರಲಿಲ್ಲ. ರೂಟರನ್ನು ನಡುಮನೆಯ ಅಲಮಾರಿನ ತಲೆ ಮೇಲೆ ಇಟ್ಟೆ, ಅರ್ಧ ತಕರಾರು ಹೋಯಿತು. ರೂಟರ್‌ನಲ್ಲಿ ಎರಡು ಹೆಸರು ಕಾಣುತ್ತವೆ, ನೋಡಿರಬಹುದು. 5 ಜಿ ಅಂತ ಇರುವುದು ಹತ್ತಿರಕ್ಕೆ ಜೋರು, ಗೋಡೆ ದಾಟುವುದರಲ್ಲಿ ಹಿಂದೆ. ಇನ್ನೊಂದು ನಿಧಾನ, ಆದರೆ ದೂರ ಹೋಗುತ್ತದೆ. ಅಂದಹಾಗೆ, ಈ 5 ಜಿಗೂ ಮೊಬೈಲ್‌ನ 5 ಜಿಗೂ ಸಂಬಂಧ ಇಲ್ಲ.

ಇನ್ನು ರೇಟು. ಕರಪತ್ರದಲ್ಲಿ 399 ರೂಪಾಯಿ ಅಂತ ಇದ್ದರೆ ಅದಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿ. 471 ರೂಪಾಯಿ ಆಯಿತು. ರೂಟರ್‌ಗೆ ಡೆಪಾಸಿಟ್ ಎಷ್ಟು, ವಾಪಸ್ ಕೊಡುತ್ತಾರಾ, ಆರು ತಿಂಗಳದ್ದು ಒಟ್ಟಿಗೇ ಕಟ್ಟಬೇಕಾ, ಇದನ್ನೆಲ್ಲ ಬಾಯಿಬಿಟ್ಟು ಕೇಳಿ. ನಾಚಿಕೆ ಬೇಡ.

ಕರಪತ್ರದ ಮೇಲೆ "ಅನ್‌ಲಿಮಿಟೆಡ್" ಅಂತ ದೊಡ್ಡಕ್ಷರ. ಕೆಳಗೆ ಇರುವೆ ಸಾಲಿನ ಹಾಗೆ ಇನ್ನೊಂದು ವಾಕ್ಯ: 3300 ಜಿಬಿ ಆದಮೇಲೆ ಸ್ಪೀಡ್ ಕಡಿಮೆ. ಅಕ್ಕ ಕನ್ನಡಕ ಹಾಕಿಕೊಂಡು ಅದನ್ನೇ ಹಿಡಿದರು. "ಅನ್‌ಲಿಮಿಟೆಡ್‌ಗೂ ಲಿಮಿಟ್ ಇರುತ್ತಾ?" ಇರುತ್ತದೆ. ಆದರೆ ಗಾಬರಿ ಬೀಳುವಷ್ಟಲ್ಲ. ಎಚ್‌ಡಿ ವಿಡಿಯೊ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ. ಒಂದು ಟಿವಿಯನ್ನು ಹಗಲೂ ರಾತ್ರಿ ಆರಿಸದೆ ಬಿಟ್ಟರೂ ತಿಂಗಳಿಗೆ 2160 ಜಿಬಿ. ಮೇಲೆ ಸಾವಿರಕ್ಕೂ ಜಾಸ್ತಿ ಉಳಿಯಿತು ಅಲ್ವಾ? ಲಿಮಿಟ್ 100 ಜಿಬಿಯೋ 200 ಜಿಬಿಯೋ ಇರುವ ಪ್ಲಾನ್ ಆದರೆ ಮಾತ್ರ ಹುಷಾರು. ಅಂಥ ಕಡೆ ಲಿಮಿಟ್ ಮುಗಿದ ಮೇಲೆ ಎಷ್ಟು ಸ್ಪೀಡ್ ಕೊಡುತ್ತಾರೆ ಅನ್ನುವುದೇ ಮುಖ್ಯ.

ಲಿಮಿಟ್ ಅಂದರೆ ನಿಜವಾಗಿ ಏನು ಅಂತ ಗೊತ್ತಿರುವುದು ನಮ್ಮ ತಲೆಮಾರಿಗೆ. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ 256 ಕೆಬಿಪಿಎಸ್, ಅಂದರೆ ಒಂದು ಎಂಬಿಪಿಎಸ್‌ನ ಸುಮಾರು ಕಾಲು ಭಾಗ, ಇದ್ದರೆ ಅದೇ ಬ್ರಾಡ್‌ಬ್ಯಾಂಡ್. 5 ಎಂಬಿಯ ಒಂದು ಹಾಡು ಇಳಿಯಲು ಎರಡೂವರೆ ನಿಮಿಷ ದಾಟುತ್ತಿತ್ತು. ಕನಿಷ್ಠ 2 ಎಂಬಿಪಿಎಸ್ ಇರಬೇಕು ಅಂತ ಆದದ್ದು 2023ರಲ್ಲಿ. ಆ 256ರ ಕಾಲದಲ್ಲಿ ನಮ್ಮ ಪ್ಲಾನ್‌ನಲ್ಲಿ ತಿಂಗಳಿಗೆ ಕೊಡುತ್ತಿದ್ದದ್ದು ಎರಡೂವರೆ ಜಿಬಿ. ಈಗ ಒಂದು ಸಿನಿಮಾಕ್ಕೆ ಸಾಲದು! ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಮಾತ್ರ ಲೆಕ್ಕ ಇಲ್ಲ. ಅದಕ್ಕೇ ಎರಡಕ್ಕೆ ಅಲಾರಂ ಇಟ್ಟು ಎದ್ದು, ಚಳಿಯಲ್ಲಿ ಕಂಬಳಿ ಹೊದ್ದುಕೊಂಡು, ಡೌನ್‌ಲೋಡ್‌ಗೆ ಹಾಕಿ ಮತ್ತೆ ಮಲಗುತ್ತಿದ್ದೆ. ಬೆಳಗ್ಗೆ ನೋಡಿದರೆ ಮೂರು ಗಂಟೆಗೇ ಕರೆಂಟ್ ಹೋಗಿರುತ್ತಿತ್ತು.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಅಕ್ಕ ನನಗೇ ಹೊಳೆಯದ ಒಂದು ಪ್ರಶ್ನೆ ಕೇಳಿದರು. "ಅದೆಲ್ಲ ಸರಿ, ಲೈನ್ ಹೋದರೆ ಯಾರು ಬರ್ತಾರೆ?"

ಕರಪತ್ರದ ನಂಬರಿಗೆ ಫೋನ್ ಮಾಡಿದೆವು. ಒಂದು ಒತ್ತಿ, ಎರಡು ಒತ್ತಿ ಅಂತ ಹತ್ತು ನಿಮಿಷ ಸಂಗೀತ ಕೇಳಿಸಿತು. ಪೇಟೆಯ ಕೇಬಲ್‌ನವರ ಹತ್ತಿರ ಅದೇ 30ರದ್ದಕ್ಕೆ ತಿಂಗಳಿಗೆ ಐವತ್ತು ರೂಪಾಯಿ ಜಾಸ್ತಿ. ಆದರೆ ಅವರ ಹುಡುಗ ನಮ್ಮೂರ ಪಕ್ಕದವನು. ಅಕ್ಕ ಅದನ್ನೇ ಹಾಕಿಸಿದರು. ಐವತ್ತು ಸುಮ್ನೆ ದಂಡ ಅಂತ ನಾನು ಒಳಗೊಳಗೇ ಅಂದುಕೊಂಡೆ.

ಆಷಾಢದ ಗಾಳಿಗೆ ಹಲಸಿನ ಕೊಂಬೆ ಮುರಿದು ಲೈನಿನ ಮೇಲೆ ಬಿತ್ತು. ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿಣುಕತೊಡಗಿತು. ಮಗನಿಗೆ ಮಧ್ಯಾಹ್ನ ಮೀಟಿಂಗ್. ಹುಡುಗ ರೈನ್‌ಕೋಟ್‌ನಲ್ಲೇ ಬಂದ. ಲೈನಿನೊಳಗಿನ, ಕೂದಲಿನಷ್ಟು ತೆಳುವಾದ ಗಾಜಿನ ಎಳೆಯ ಎರಡು ತುದಿ ಸುಲಿದು, ಒರೆಸಿ, ಸಣ್ಣ ಮೆಷಿನ್‌ನೊಳಗೆ ಎದುರುಬದುರು ಇಟ್ಟು ಮುಚ್ಚಳ ಹಾಕಿದ. ಅಕ್ಕ ಅವನ ತಲೆ ಮೇಲೆ ಕೊಡೆ ಹಿಡಿದು ನಿಂತಿದ್ದರು. ಬೆಸುಗೆ ಕೂತಿತು, ಕೆಂಪು ಆರಿತು. ಅಕ್ಕ ಅವನಿಗೆ ಒಂದು ಲೋಟ ಕಷಾಯ ಕೊಟ್ಟು, ಮುಂದಿನ ತಿಂಗಳ ದುಡ್ಡನ್ನೂ ಕೈಗೆ ಹಾಕಿ ಕಳಿಸಿದರು.